ಕಣ್ಣಿಗೆ ಬಿಡುವ ಮದ್ದು: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಪ್ರತಿಜೈವಿಕ ಮತ್ತು ಸ್ಟಿರಾಯ್ಡ್ ಹನಿಗಳ ಬಳಕೆ

ಕಣ್ಣಿನ ಸೋಂಕಿಗೂ ಉರಿಯೂತಕ್ಕೂ ಹನಿಯಾಗಿ ಬಿಡುವ ಔಷಧಗಳಲ್ಲಿ ಎರಡು ಬಗೆಯವು ಹೆಚ್ಚು ಬಳಕೆಯಲ್ಲಿವೆ. ಒಂದು ಪ್ರತಿಜೈವಿಕ, ಅಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುವ ಆಂಟಿಬಯೋಟಿಕ್. ಇನ್ನೊಂದು ಸ್ಟಿರಾಯ್ಡ್. ಇದು ರೋಗಾಣುವಿನ ಗೊಡವೆಗೇ ಹೋಗದೆ, ಅದರ ವಿರುದ್ಧ ದೇಹ ಹೂಡುವ ಉರಿಯೂತವನ್ನು ಮಾತ್ರ ಅಡಗಿಸುತ್ತದೆ. ಎರಡನ್ನೂ ಬೆರೆಸಿ ಒಂದೇ ಸೀಸೆಯಲ್ಲಿ ಮಾರುವುದೂ ಉಂಟು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಮನೆಮಾತಿನಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ಕಣ್ಣಿಗೆ ಬಿಡುವ ಮದ್ದು. ಹೆಸರು ಒಂದಾದದ್ದರಿಂದ ಮದ್ದೂ ಒಂದೇ ಎಂದುಕೊಳ್ಳುವುದು ಸುಲಭ. "ಹ್ವಾಯ್, ಕಣ್ಣ್ ಕೆಂಪಾಯಿತ್ತ್, ಬಿಡುಕೆ ಒಂದ್ ಮದ್ದ್ ಕೊಡಿ" ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿದಾಗ ಕೈಗೆ ಬರುವ ಪುಟ್ಟ ಸೀಸೆಯಲ್ಲಿ ಎರಡರಲ್ಲಿ ಯಾವುದಿದೆ ಎಂಬುದರ ಮೇಲೆ ಕೆಲವೊಮ್ಮೆ ಆ ಕಣ್ಣಿನ ದೃಷ್ಟಿಯೇ ನಿಂತಿರುತ್ತದೆ.

ಈ ಸೀಮೆಯ ಹವೆಗೂ ದುಡಿಮೆಗೂ ಕಣ್ಣಿನ ಕಾಯಿಲೆಗಳಿಗೂ ಹತ್ತಿರದ ನಂಟಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ಕಾಲದಲ್ಲಿ ಸೆಕೆ ಮತ್ತು ತೇವ. ಕೋಟ, ಸಾಲಿಗ್ರಾಮ, ಬಾರ್ಕೂರಿನ ಸುತ್ತ ಭತ್ತದ ಗದ್ದೆಗಳು, ಒಳನಾಡಿನಲ್ಲಿ ಅಡಕೆ ಮತ್ತು ತೆಂಗಿನ ತೋಟ, ಅಲ್ಲಲ್ಲಿ ಕೆಂಪುಕಲ್ಲಿನ ಕೋರೆ, ಗಂಗೊಳ್ಳಿ, ಹಂಗಾರಕಟ್ಟೆ, ಶಿರೂರುಗಳ ಕಡೆ ಮೀನುಗಾರಿಕೆ. ಗದ್ದೆಯಲ್ಲಿ ಭತ್ತದ ಸುಂಕು, ತೋಟದಲ್ಲಿ ಮಡಲಿನ ಗರಿ, ಕೋರೆಯಲ್ಲಿ ಕಲ್ಲಿನ ಚೂರು ಕಣ್ಣಿಗೆ ತಗಲುತ್ತವೆ. ಕಡಲಿನಲ್ಲಿ ಬಿಸಿಲು, ಉಪ್ಪುಗಾಳಿ. ಇವುಗಳಿಂದ ಆಗುವ ಕೆಂಪು ಹೊರನೋಟಕ್ಕೆ ಒಂದೇ ಥರ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧವಾಗಿರಬಹುದು.

ಕೆಂಪು ಇಳಿಸುವ ಮದ್ದಿನ ಗುಣ

ಸ್ಟಿರಾಯ್ಡ್ ಹನಿಗಳನ್ನು ದೂರುವ ಮೊದಲು ಅವುಗಳ ಉಪಕಾರವನ್ನು ಹೇಳಬೇಕು. ಕಾರ್ಟಿಸೋನ್ ಸಂಶೋಧನೆಗೆ ಫಿಲಿಪ್ ಹೆಂಚ್, ಎಡ್ವರ್ಡ್ ಕೆಂಡಾಲ್, ಟೇಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂದದ್ದು 1950ರಲ್ಲಿ. ಅದೇ ಕಾಲಕ್ಕೆ ಕಣ್ಣಿನ ವೈದ್ಯರೂ ಅದನ್ನು ಬಳಸತೊಡಗಿದರು. ಕಣ್ಣಿನೊಳಗಿನ ಉರಿಯೂತದಿಂದ ದೃಷ್ಟಿ ಕಳೆದುಕೊಳ್ಳುತ್ತಿದ್ದ ಎಷ್ಟೋ ಜನರನ್ನು ಅದು ಉಳಿಸಿತು. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಶಾಂತವಾಗುವುದಕ್ಕೆ, ಕಸಿ ಮಾಡಿದ ಕಾರ್ನಿಯಾವನ್ನು (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು) ದೇಹ ತಿರಸ್ಕರಿಸದಂತೆ ಕಾಯುವುದಕ್ಕೆ ಇಂದಿಗೂ ಇದೇ ಆಧಾರ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಇವೆಲ್ಲ ಈ ಕುಟುಂಬದವು.

ಇದರ ಅಪಾಯ ಇದರ ಗುಣದೊಳಗೇ ಇದೆ. ಕಣ್ಣು ಕೆಂಪಾಗುವುದು, ನೀರು ಸುರಿಯುವುದು, ನೋಯುವುದು ಇವೆಲ್ಲ ರೋಗಾಣುವಿನ ವಿರುದ್ಧ ದೇಹ ನಡೆಸುವ ಹೋರಾಟದ ಗುರುತುಗಳು. ಸ್ಟಿರಾಯ್ಡ್ ಬಿದ್ದಕೂಡಲೆ ಉಬ್ಬಿದ ರಕ್ತನಾಳಗಳು ಕುಗ್ಗುತ್ತವೆ, ಬಿಳಿರಕ್ತಕಣಗಳು ಹಿಮ್ಮೆಟ್ಟುತ್ತವೆ, ನೋವು ಇಳಿಯುತ್ತದೆ. ಮರುದಿನ ಕನ್ನಡಿಯಲ್ಲಿ ಕಣ್ಣು ಬೆಳ್ಳಗೆ ಕಾಣುತ್ತದೆ. ರೋಗಿಗೆ ಗುಣವಾಯಿತೆಂಬ ಸಮಾಧಾನ, ಮದ್ದು ಕೊಟ್ಟವರಿಗೆ ಕೈಗುಣದ ಹೆಸರು. ಒಳಗೆ ರೋಗಾಣು ಇದ್ದಲ್ಲೇ ಇದೆ, ಈಗ ಅದಕ್ಕೆ ಎದುರಾಳಿಯೂ ಇಲ್ಲ. ಕೆಂಪು ಇಳಿದದ್ದನ್ನು ರೋಗ ಇಳಿದದ್ದೆಂದು ತಿಳಿಯುವುದರಿಂದಲೇ ಈ ವಿಷಯದ ಮುಕ್ಕಾಲು ಪಾಲು ಅನಾಹುತಗಳು ಹುಟ್ಟುತ್ತವೆ ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ.

ಇದರ ಎರಡನೆಯ ಹಾನಿ ಇನ್ನೂ ಮೌನವಾದದ್ದು. ಕಣ್ಣಿನೊಳಗೆ ಸದಾ ಹುಟ್ಟುವ ನೀರು ಒಂದು ಸಣ್ಣ ಜರಡಿಯ ಮೂಲಕ ಹೊರಹೋಗುತ್ತದೆ. ಸ್ಟಿರಾಯ್ಡ್ ಹನಿಯನ್ನು ವಾರಗಟ್ಟಲೆ ಬಿಟ್ಟರೆ ಕೆಲವರಲ್ಲಿ ಆ ಜರಡಿ ಕಟ್ಟಿಕೊಂಡು ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. 1960ರ ದಶಕದಲ್ಲಿ ಅಮೆರಿಕದ ಆರ್ಮಲಿ ಮತ್ತು ಬೆಕರ್ ನಡೆಸಿದ ಅಧ್ಯಯನಗಳಿಂದ ತಿಳಿದದ್ದೇನೆಂದರೆ, ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಸಾಧಾರಣ ಮಟ್ಟಿಗೆ ಏರುತ್ತದೆ, ನೂರಕ್ಕೆ ಐದಾರು ಮಂದಿಗೆ ಬಹಳ ಏರುತ್ತದೆ. ಹೀಗೆ ಏರಿದಾಗ ನೋವಿಲ್ಲ, ಕೆಂಪಿಲ್ಲ. ದೃಷ್ಟಿನರ ಸವೆಯುತ್ತ ನೋಟ ಅಂಚಿನಿಂದ ಕಿರಿದಾಗುತ್ತ ಬಂದು ಕೊನೆಗೆ ನಡುವಿನ ನೋಟವೂ ಹೋಗುತ್ತದೆ. ಇದು ಗ್ಲಾಕೋಮಾ. ಇದರಲ್ಲಿ ಹೋದ ದೃಷ್ಟಿ ಮರಳಿ ಬಾರದು. ಸ್ಟಿರಾಯ್ಡಿನಿಂದ ಚಿಕ್ಕ ವಯಸ್ಸಿಗೇ ಪೊರೆಯೂ ಬರುತ್ತದೆ, ಆದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಪ್ರತಿಜೈವಿಕ ಹನಿಗಳ ಕಥೆ ಇಷ್ಟು ತೊಡಕಿನದಲ್ಲ. ಮಾಕ್ಸಿಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್ ಹೆಚ್ಚು ಪರಿಚಿತ. ಹಳದಿ ಪಿಸುರು ಕಟ್ಟಿ ಬೆಳಿಗ್ಗೆ ರೆಪ್ಪೆಗಳು ಅಂಟಿಕೊಳ್ಳುವ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಇವು ಐದಾರು ದಿನಗಳಲ್ಲಿ ಗುಣ ಕೊಡುತ್ತವೆ. ಹೇಳಿದಷ್ಟು ದಿನ ಪೂರ್ತಿ ಬಿಡಬೇಕು. ಅದರಾಚೆ ಮುಂದುವರಿಸಿದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಟ್ಟಂತೆ. ನಿಯೋಮೈಸಿನ್ ಇರುವ ಹನಿಗಳು ಕೆಲವರಿಗೆ ಒಗ್ಗುವುದಿಲ್ಲ. ರೆಪ್ಪೆ ಕೆಂಪಾಗಿ ಊದಿ ತುರಿಸತೊಡಗಿದರೆ ಸೋಂಕು ಜಾಸ್ತಿಯಾಯಿತೆಂದು ಹನಿಯನ್ನು ಹೆಚ್ಚಿಸುವವರಿದ್ದಾರೆ. ಅಲ್ಲಿ ತಪ್ಪು ಮದ್ದಿನದೇ ಆಗಿರಬಹುದು.

ಮಳೆಗಾಲದ ಕೆಂಗಣ್ಣು

ಶಾಲೆ, ಹಾಸ್ಟೆಲು, ಬಸ್ಸುಗಳಲ್ಲಿ ಊರಿಂದೂರಿಗೆ ಹಬ್ಬುವ ಕೆಂಗಣ್ಣಿಗೆ, ಅಂದರೆ ಮದ್ರಾಸ್ ಐಗೆ, ಹೆಚ್ಚಾಗಿ ಕಾರಣ ಅಡಿನೊವೈರಸ್. 2023ರ ಜುಲೈ, ಆಗಸ್ಟ್ ತಿಂಗಳಲ್ಲಿ ಕೆಂಗಣ್ಣು ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿ ಆರೋಗ್ಯ ಇಲಾಖೆ ಮುನ್ನೆಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ಅದು ತಾನಾಗಿಯೇ ಇಳಿಯುತ್ತದೆ; ತಣ್ಣೀರಿನ ಬಟ್ಟೆ, ಕೃತಕ ಕಣ್ಣೀರಿನ ಹನಿ, ಬೇರೆ ಟವೆಲು, ಬೇರೆ ದಿಂಬು, ಮತ್ತೆ ಮತ್ತೆ ಸೋಪಿನಲ್ಲಿ ಕೈ ತೊಳೆಯುವುದು ಸಾಕು. ಕೆಂಗಣ್ಣಿನವರನ್ನು ನೋಡಿದರೆ ತಮಗೂ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ, ಕಪ್ಪು ಕನ್ನಡಕ ಹಾಕಿಸುವುದೂ ಅದಕ್ಕೇ. ನೋಟದಿಂದ ರೋಗ ಹರಡುವುದಿಲ್ಲ. ಹರಡುವುದು ಕಣ್ಣೊರಸಿದ ಕೈಯಿಂದ, ಆ ಕೈ ಮುಟ್ಟಿದ ಬಾಗಿಲ ಹಿಡಿಯಿಂದ, ಹಾಗೆಯೇ ಮನೆಮಂದಿಯೆಲ್ಲ ಸಾಲಾಗಿ ಬಿಟ್ಟುಕೊಳ್ಳುವ ಒಂದೇ ಸೀಸೆಯ ಮೂತಿಯಿಂದ.

ಇಲ್ಲಿ ಸ್ಟಿರಾಯ್ಡ್ ಬಿಟ್ಟರೆ ಒಂದೇ ದಿನದಲ್ಲಿ ಹಾಯೆನಿಸುತ್ತದೆ, ಆದರೆ ವೈರಸ್ ಕಣ್ಣಿನಲ್ಲಿ ಹೆಚ್ಚು ದಿನ ಉಳಿಯಬಹುದು. ಕಾರ್ನಿಯಾದಲ್ಲಿ ಬಿಳಿ ಚುಕ್ಕೆಗಳೆದ್ದು ದೃಷ್ಟಿ ಮಂಜಾದಾಗ ವೈದ್ಯರು ಮೃದುವಾದ ಸ್ಟಿರಾಯ್ಡನ್ನು ಬರೆದುಕೊಡುವುದುಂಟು. ಸೂಕ್ಷ್ಮದರ್ಶಕದಲ್ಲಿ ಕಣ್ಣನ್ನು ನೋಡಿ ಮಾಡುವ ತೀರ್ಮಾನ ಅದು.

ಕೆಂಗಣ್ಣಿನ ವೇಷದಲ್ಲಿ ಬರುವ ಇನ್ನೊಂದು ವೈರಸ್ ಹರ್ಪಿಸ್. ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ. ಕಾರ್ನಿಯಾದ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಸಣ್ಣ ಹುಣ್ಣು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರಷ್ಟೇ ಕಾಣುವಂಥದ್ದು. ಇದಕ್ಕೆ ಬೇಕಾದ್ದು ಅಸೈಕ್ಲೊವಿರ್‌ನಂಥ ವೈರಸ್ ನಿರೋಧಕ ಮದ್ದು. ಅದಿಲ್ಲದೆ ಬರಿಯ ಸ್ಟಿರಾಯ್ಡ್ ಬಿದ್ದರೆ ಕೊಂಬೆ ಹರಡಿ ನಕಾಶೆಯಂಥ ದೊಡ್ಡ ಹುಣ್ಣಾಗುತ್ತದೆ, ಕಾರ್ನಿಯಾ ತೂತಾಗುವುದೂ ಉಂಟು.

ಭತ್ತದ ಸುಂಕು ಮತ್ತು ಕಾರ್ನಿಯಾದ ಹುಣ್ಣು

ಈ ಸೀಮೆಯ ಮಟ್ಟಿಗೆ ಹೆಚ್ಚು ಮುಖ್ಯವಾದ ವಿಷಯ ಇದು. ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು. ಕೊಯ್ಲಿನ ದಿನ ಸೂಡಿ (ಭತ್ತದ ಕಟ್ಟು) ಎತ್ತುವಾಗ, ಕಾಳು ಉದುರಿಸಲು ಅದನ್ನು ಹಡಿಮಂಚಕ್ಕೆ ಬಡಿಯುವಾಗ, ಈಗ ಕಟಾವು ಯಂತ್ರದ ಹಿಂದೆ ಹುಲ್ಲು ಒಟ್ಟುವಾಗ ಸುಂಕೋ ಎಲೆಯಂಚೋ ಬಡಿದು ಅದರ ಮೇಲ್ಪದರ ತರಚುತ್ತದೆ. ಕಣ್ಣುಜ್ಜಿಕೊಂಡು, ನೀರು ಸೋಕಿಸಿಕೊಂಡು ಕೆಲಸ ಮುಂದುವರಿಯುತ್ತದೆ, ಏಕೆಂದರೆ ಮೋಡ ಕಟ್ಟಿದ್ದಾಗ ಗದ್ದೆಯನ್ನು ಅರ್ಧಕ್ಕೆ ಬಿಟ್ಟು ಬರಲಾಗದು. ಆ ಗೀರಿನೊಳಗೆ ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಬದುಕುವ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳ ಕಣಗಳು ಕೂತಿರುತ್ತವೆ. ಸೆಕೆಯೂ ತೇವವೂ ಅವಕ್ಕೆ ಹಿತ.

ಮಧುರೆಯ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ 434 ಮಂದಿಯ ಕಾರ್ನಿಯಾ ಹುಣ್ಣುಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಯಾಕ್ಟೀರಿಯಾದಿಂದ ಆದವು ಮತ್ತು ಶಿಲೀಂಧ್ರದಿಂದ ಆದವು ಹೆಚ್ಚುಕಡಿಮೆ ಸಮಸಮವಾಗಿದ್ದವು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು, ಬಹುಮಟ್ಟಿಗೆ ಬೇಸಾಯದ ಕೆಲಸದಲ್ಲೇ. ತಮಿಳುನಾಡಿನ ಲೆಕ್ಕವಾದರೂ ದಕ್ಷಿಣ ಭಾರತದ ಗದ್ದೆಗಳ ಸ್ಥಿತಿಗೆ ಅದು ಹಿಡಿದ ಕನ್ನಡಿ.

ಶಿಲೀಂಧ್ರದ ಹುಣ್ಣು ನಿಧಾನವಾಗಿ ಬಲಿಯುತ್ತದೆ. ಮೊದಲ ದಿನಗಳಲ್ಲಿ ಹುಣ್ಣಿನ ಗಾತ್ರಕ್ಕೆ ಹೋಲಿಸಿದರೆ ನೋವು ಕಡಿಮೆ. ಅಂಚು ಹಕ್ಕಿಯ ಗರಿಯಂತೆ ಚೆದರಿರುತ್ತದೆ, ಸುತ್ತ ಮರಿಹುಣ್ಣುಗಳೇಳುತ್ತವೆ. ಬರಿಯ ಆಂಟಿಬಯೋಟಿಕ್ ಬಿಟ್ಟರೆ ಉಪಯೋಗವಿಲ್ಲ, ಕಾಲಹರಣವಾಗುತ್ತದೆ. ಸ್ಟಿರಾಯ್ಡ್ ಸೇರಿದ ಹನಿ ಬಿಟ್ಟರೆ ಎರಡು ದಿನ ಕೆಂಪಿಳಿದು ನೆಮ್ಮದಿಯೆನಿಸುತ್ತದೆ, ಅಷ್ಟರಲ್ಲಿ ಶಿಲೀಂಧ್ರ ಕಾರ್ನಿಯಾದ ಆಳಕ್ಕೆ ಬೇರು ಬಿಟ್ಟಿರುತ್ತದೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಕಣ್ಣಿನೊಳಗೆ ಕೀವು ತುಂಬಿರುವುದೂ ಉಂಟು. ಗುಣವಾದರೂ ಕಲೆ ಉಳಿಯುತ್ತದೆ; ನಮ್ಮ ಹಿರಿಯರು 'ಕಣ್ಣಿಗೆ ಹೂ ಬಿತ್ತು' ಎನ್ನುತ್ತಿದ್ದುದು ಈ ಬಿಳಿಕಲೆಗೇ. ಭಾರತದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡಿಗೆ ಪೊರೆ ಶೇ. 66.2ರಷ್ಟು ಕಾರಣವಾದರೆ, ಕಾರ್ನಿಯಾದ ಕಲೆ ಶೇ. 8.2ರಷ್ಟು. ಪೊರೆ ತೆಗೆದರೆ ನೋಟ ಮರಳುತ್ತದೆ. ಕಲೆಗೆ ಯಾರೋ ದಾನವಿತ್ತ ಕಾರ್ನಿಯಾಕ್ಕಾಗಿ ಕಾಯಬೇಕು.

ಇಂಥ ಹುಣ್ಣನ್ನು ಮೆಲ್ಲಗೆ ಕೆರೆದು ತೆಗೆದ ಕಣವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ಎಳೆಗಳು ಕಂಡರೆ ಮದ್ದು ಶೇ. 5ರ ನಟಾಮೈಸಿನ್. ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಹಳೆಯ ಮದ್ದೇ ಹೊಸದಾದ ವೊರಿಕೊನಜೋಲ್‌ಗಿಂತ ಮೇಲೆಂದು ಸಾಬೀತಾಯಿತು. ಬ್ಯಾಕ್ಟೀರಿಯಾ ಹುಣ್ಣಿಗೆ ಸ್ಟಿರಾಯ್ಡ್ ಸೇರಿಸಿದರೆ ಒಳ್ಳೆಯದೇ ಎಂಬ ಪ್ರಶ್ನೆಯನ್ನೂ ಬಹುಮಟ್ಟಿಗೆ ಅಲ್ಲೇ 500 ರೋಗಿಗಳ ಮೇಲೆ ಪರೀಕ್ಷಿಸಲಾಗಿದೆ. ಫಲಿತಾಂಶ ಬಂದದ್ದು 2012ರಲ್ಲಿ. ಮೊದಲು ಎರಡು ದಿನ ಆಂಟಿಬಯೋಟಿಕ್ ಕೊಟ್ಟು ಆಮೇಲೆ ಸ್ಟಿರಾಯ್ಡ್ ಸೇರಿಸಿದರೂ ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ರೋಗಾಣು ಬ್ಯಾಕ್ಟೀರಿಯಾವೇ ಎಂದು ಲ್ಯಾಬಿನಲ್ಲಿ ಖಚಿತವಾದ ಮೇಲೆ, ತಜ್ಞರ ಕಣ್ಗಾವಲಿನಲ್ಲಿ ಬಿಟ್ಟಾಗಲೇ ಇಷ್ಟು. ರೋಗಾಣು ಯಾವುದೆಂದೇ ಗೊತ್ತಿಲ್ಲದೆ ಅಂಗಡಿಯ ಕಟ್ಟೆಯ ಮೇಲೆ ಕೊಡುವ ಬೆರಕೆ ಹನಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಗೀರು ಬಿದ್ದ ದಿನವೇ ಸರಿಯಾದ ಮದ್ದು ಸಿಕ್ಕರೆ ಏನಾಗಬಹುದೆಂಬುದಕ್ಕೆ ನೇಪಾಳದ ಭಕ್ತಪುರದ ಉದಾಹರಣೆಯಿದೆ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಾರ್ನಿಯಾ ತರಚಿದವರಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಾಕಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಬಿದ್ದ ಒಂದು ಕಣ್ಣಿನಲ್ಲೂ ಹುಣ್ಣಾಗಲಿಲ್ಲ. ಮುಂದೆ ನೇಪಾಳದಲ್ಲೇ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಇಡೀ ಊರುಗಳ ಲೆಕ್ಕದಲ್ಲಿ ಹುಣ್ಣು ಕಡಿಮೆಯಾದದ್ದು ಕಾಣಲಿಲ್ಲವಾದ್ದರಿಂದ ಇದನ್ನು ರಾಮಬಾಣ ಎನ್ನಲಾಗದು. ಆದರೂ ಅಂದೇ ಆಸ್ಪತ್ರೆಗೆ ಹೋಗಿ ಸ್ಟಿರಾಯ್ಡ್ ಇಲ್ಲದ ಆಂಟಿಬಯೋಟಿಕ್ ಪಡೆಯುವುದಕ್ಕೂ, ವಾರ ಬಿಟ್ಟು ಹೋಗುವುದಕ್ಕೂ ಅಜಗಜಾಂತರ. ಕೊಯ್ಲಿಗೂ ಕಲ್ಲು ಕಡಿಯುವುದಕ್ಕೂ ಅಗ್ಗದ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡರೆ ಈ ಗೀರನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹಿತ್ತಿಲ ಮದ್ದಿನ ಮಾತನ್ನೂ ಇಲ್ಲೇ ಆಡಬೇಕು. ನಂದಿಬಟ್ಟಲ ಹೂವಿನ ರಸ, ಜೇನು, ಹರಳೆಣ್ಣೆ, ಬಾಣಂತಿಯ ಎದೆಹಾಲು ಕಣ್ಣಿಗೆ ಬಿಡುವುದು ಹಳೆಯ ರೂಢಿ. ಪ್ರೀತಿಯಿಂದ ಹುಟ್ಟಿದ ರೂಢಿಗಳವು, ಅವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅವುಗಳಲ್ಲಿ ಯಾವುದೂ ರೋಗಾಣುಮುಕ್ತವಲ್ಲ. ಗೀರಿರುವ ಕಣ್ಣಿಗೆ ಅವನ್ನು ಬಿಡುವುದು ಗಾಯಕ್ಕೆ ಮಣ್ಣು ಹಚ್ಚಿದಷ್ಟೇ ಅಪಾಯ. ಹುಟ್ಟಿದ ನಾಲ್ಕು ವಾರದೊಳಗಿನ ಮಗುವಿನ ಕಣ್ಣಿನಲ್ಲಿ ಪಿಸುರು ತುಂಬಿ ರೆಪ್ಪೆ ಊದಿದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.

ಮಕ್ಕಳ ಕಣ್ಣು ತುರಿಕೆ

ಬೇಸಿಗೆ ಬಂತೆಂದರೆ ಕೆಲವು ಮಕ್ಕಳು, ಅದರಲ್ಲೂ ಹುಡುಗರು, ಕಣ್ಣನ್ನು ಉಜ್ಜುತ್ತಲೇ ಇರುತ್ತಾರೆ. ಕಣ್ಣಿನ ಬಿಳಿ ಮಾಸಲಾಗುತ್ತದೆ, ದಾರದಂತೆ ಎಳೆಯುವ ಲೋಳೆ ಬರುತ್ತದೆ. ಇದು ಸೋಂಕಲ್ಲ, ಒಗ್ಗದಿಕೆ. ವರ್ನಲ್ ಅಲರ್ಜಿ ಎಂದು ಹೆಸರು. ವರ್ಷ ವರ್ಷವೂ ಮರಳಿ ಬಂದು, ಹದಿಹರೆಯ ಕಳೆಯುವ ಹೊತ್ತಿಗೆ ಬಹುತೇಕ ತಾನಾಗಿಯೇ ನಿಲ್ಲುತ್ತದೆ. ತೀವ್ರವಾದಾಗ ವೈದ್ಯರು ಕೆಲವು ದಿನಗಳ ಮಟ್ಟಿಗೆ ಸ್ಟಿರಾಯ್ಡ್ ಬರೆಯುತ್ತಾರೆ. ಮಗು ಒಂದೇ ಹನಿಗೆ ತುರಿಕೆ ನಿಲ್ಲಿಸಿ ನಿದ್ದೆಹೋದದ್ದನ್ನು ಕಂಡ ತಾಯಿಗೆ ಆ ಸೀಸೆ ದೇವರಂತೆ ತೋರುವುದು ಸಹಜ. ಮುಂದಿನ ವರ್ಷ ಹಳೆಯ ಚೀಟಿ ಹಿಡಿದು ಅದನ್ನೇ ಕೊಳ್ಳುತ್ತಾರೆ, ಅದರ ಮುಂದಿನ ವರ್ಷವೂ. ಮಕ್ಕಳಲ್ಲಿ ಒತ್ತಡ ದೊಡ್ಡವರಿಗಿಂತ ಬೇಗ ಏರಬಹುದು, ಮಗುವಿಗೆ ಅದನ್ನು ಹೇಳಲೂ ಬರುವುದಿಲ್ಲ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ದೃಷ್ಟಿನರ ಒಣಗಿದ ಮಕ್ಕಳನ್ನು ಗ್ಲಾಕೋಮಾ ವೈದ್ಯರು ದಕ್ಷಿಣ ಭಾರತದುದ್ದಕ್ಕೂ ನೋಡುತ್ತಿದ್ದಾರೆ. ತುರಿಕೆಗೆ ಓಲೋಪಟಡಿನ್‌ನಂಥ ಅಲರ್ಜಿ ಹನಿಗಳಿವೆ, ಹೆಚ್ಚು ಕಾಲ ಬೇಕಾದವರಿಗೆ ಸೈಕ್ಲೊಸ್ಪೊರಿನ್ ಇದೆ. ಸ್ಟಿರಾಯ್ಡ್ ಎರಡು ವಾರ ದಾಟಿದರೆ ಕಣ್ಣಿನ ಒತ್ತಡ ಅಳೆಸಿಕೊಳ್ಳುವುದನ್ನು ತಪ್ಪಿಸಬಾರದು.

ಕಪಾಟಿನಲ್ಲಿ ಉಳಿದ ಸೀಸೆ

ಕರ್ನಾಟಕದಲ್ಲಿ ಕಣ್ಣಿನ ಶಿಬಿರಗಳಿಗೆ ದೊಡ್ಡ ಪರಂಪರೆಯಿದೆ. ಡಾ. ಎಂ. ಸಿ. ಮೋದಿ (1916-2005) ಊರೂರಿಗೆ ಹೋಗಿ ಉಚಿತವಾಗಿ ಪೊರೆ ತೆಗೆದವರು. ಇಂದು ಮನೆಮನೆಯಲ್ಲೂ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜ ಅಜ್ಜಿಯರಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಆಂಟಿಬಯೋಟಿಕ್ ಮತ್ತು ಸ್ಟಿರಾಯ್ಡ್ ಹನಿಗಳನ್ನು ವಾರಕ್ಕಿಷ್ಟರಂತೆ ಇಳಿಸುತ್ತ ನಾಲ್ಕರಿಂದ ಆರು ವಾರ ಬಿಡುತ್ತಾರೆ. ಅಜ್ಜಿಯ ಆ ಕಣ್ಣಿಗೆ ಅದು ಬೇಕೇ ಬೇಕು. ಕೆಂಪಿಲ್ಲವೆಂದು ನಡುವೆ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ. ಆದರೆ ಕೊನೆಗೆ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬಾರದೆ ಕಪಾಟಿನಲ್ಲಿಡುತ್ತಾರೆ. ಗದ್ದೆಯಿಂದ ಬಂದ ಮಗನ ಕಣ್ಣು ಕೆಂಪಾದಾಗ ನೆನಪಾಗುವುದು ಅದೇ ಸೀಸೆ. ಅಜ್ಜಿಯ ಕಣ್ಣನ್ನು ಕಾಪಾಡಿದ ಮದ್ದು ಮೊಮ್ಮಗನದ್ದನ್ನೋ ಮಗನದ್ದನ್ನೋ ಕೆಡಿಸುವುದು ಹೀಗೆ.

ಸೀಸೆಯ ಹೆಸರಿನ ಬಾಲವನ್ನು ಗಮನಿಸಿದರೆ ಸುಳಿವು ಸಿಗುತ್ತದೆ. ಪರಿಚಿತ ಆಂಟಿಬಯೋಟಿಕ್ ಹೆಸರಿನ ಮುಂದೆ 'ಡಿ' ಎಂದೋ 'ಡಿಎಕ್ಸ್' ಎಂದೋ ಸೇರಿದ್ದರೆ ಸಾಮಾನ್ಯವಾಗಿ ಡೆಕ್ಸಾಮೆಥಸೋನ್ ಬೆರೆತಿರುತ್ತದೆ. ಬಾಲವನ್ನೇ ನಂಬದೆ, ಸಣ್ಣ ಅಕ್ಷರದಲ್ಲಿ ಬರೆದ ಔಷಧದ ಹೆಸರನ್ನು ಓದಬೇಕು, ಓದಲಾಗದಿದ್ದರೆ ಫಾರ್ಮಸಿಸ್ಟರನ್ನು "ಇದ್ರಗೆ ಸ್ಟಿರಾಯ್ಡ್ ಇತ್ತಾ?" ಎಂದು ನೇರವಾಗಿ ಕೇಳಬೇಕು. 1945ರ ಔಷಧ ನಿಯಮಗಳಲ್ಲಿ ಇಂಥ ಔಷಧಗಳು ಎಚ್ ಶೆಡ್ಯೂಲಿನಲ್ಲಿವೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿಯ ಮೇಲೆ ಮಾತ್ರ ಕೊಡುವ ಔಷಧಗಳ ಮೇಲಿನ ಕೆಂಪು ಗೆರೆಯನ್ನು ಗುರುತಿಸಿರೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಆರಂಭಿಸಿತು. ಕಿವಿಗೆ ಬಿಡುವ ಸೀಸೆಯೂ ನೋಡಲು ಹೀಗೆಯೇ ಇರುವುದರಿಂದ ಎರಡನ್ನೂ ಒಂದೇ ಡಬ್ಬಿಯಲ್ಲಿಡಬಾರದು. ಕಿವಿಗೆ ಒಮ್ಮೆ ಬಳಸಿದ್ದನ್ನು ಕಣ್ಣಿಗೆ ಬಿಡಲೇಬಾರದು.

ಬಿಡುವ ಕ್ರಮ

ಕೆಳರೆಪ್ಪೆಯನ್ನು ಎಳೆದಾಗ ಆಗುವ ತೊಟ್ಟಿಲಿನಂಥ ಜಾಗದಲ್ಲಿ ಹಿಡಿಯುವುದು ಒಂದು ಹನಿಗಿಂತ ಕಡಿಮೆ, ಆದ್ದರಿಂದ ಎರಡು ಮೂರು ಹನಿ ಸುರಿದರೆ ಕೆನ್ನೆಗೆ ಮದ್ದು. ಕೈ ತೊಳೆದು, ತಲೆ ಹಿಂದಕ್ಕೊರಗಿಸಿ, ಸೀಸೆಯ ಮೂತಿ ರೆಪ್ಪೆಗಾಗಲಿ ರೆಪ್ಪೆಗೂದಲಿಗಾಗಲಿ ತಾಗದಂತೆ ಒಂದು ಹನಿ ಬಿಟ್ಟು ಮೆಲ್ಲಗೆ ಕಣ್ಣು ಮುಚ್ಚಬೇಕು. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಮದ್ದು ಮೂಗಿನ ದಾರಿಯಾಗಿ ಗಂಟಲಿಗೆ ಇಳಿಯುವುದು ತಪ್ಪುತ್ತದೆ. ಮಕ್ಕಳಲ್ಲಿ ಇದು ವಿಶೇಷವಾಗಿ ಮುಖ್ಯ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಮುಲಾಮಿದ್ದರೆ ಅದು ಕೊನೆಗೆ. ನಟಾಮೈಸಿನ್, ಪ್ರೆಡ್ನಿಸೊಲೋನ್ ಅಸಿಟೇಟ್ ಮುಂತಾದವು ತಳದಲ್ಲಿ ಕೂರುವುದರಿಂದ ಕುಲುಕಿ ಬಿಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕಣ್ಣು ಕೆಂಪಾದ ಕೂಡಲೆ ಲೆನ್ಸ್ ತೆಗೆದಿಡಬೇಕು. ಮುಚ್ಚಳ ತೆರೆದ ದಿನವನ್ನು ಸೀಸೆಯ ಮೇಲೆ ಬರೆದಿಟ್ಟು, ಒಂದು ತಿಂಗಳಾದ ಮೇಲೆ ಎಷ್ಟೇ ಉಳಿದಿದ್ದರೂ ಎಸೆಯಬೇಕು.

ಕಣ್ಣಿಗೆ ಪೆಟ್ಟಾಗಿದ್ದರೆ, ದೃಷ್ಟಿ ಮಂಜಾಗಿದ್ದರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ, ಕಪ್ಪುಗುಡ್ಡೆಯ ಮೇಲೆ ಬಿಳಿಚುಕ್ಕೆ ಕಂಡರೆ, ಒಂದೇ ಕಣ್ಣು ಕೆಂಪಾಗಿ ಎರಡು ದಿನದಲ್ಲಿ ಇಳಿಯದಿದ್ದರೆ ಅದು ಅಂಗಡಿಯ ಮದ್ದಿನಿಂದ ಗುಣವಾಗುವಂಥದ್ದಲ್ಲ. ಕುಂದಾಪುರದಲ್ಲಿ ಸರಕಾರಿ ಆಸ್ಪತ್ರೆಯಿದೆ. ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ. ಹುಣ್ಣಿನ ಕಣವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಅನುಕೂಲ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ದೊರೆಯುತ್ತದೆ. ಬ್ರಹ್ಮಾವರದವರಿಗೆ ಅದು ಹತ್ತಿರ, ಬೈಂದೂರಿನ ಒಳಹಳ್ಳಿಯವರಿಗೆ ಒಂದು ದಿನದ ಕೂಲಿ ಬಿಡಬೇಕಾದಷ್ಟು ದೂರ. ಮೆಡಿಕಲ್ ಅಂಗಡಿಯ ಸೀಸೆಗೆ ಜನ ಒಲಿಯುವುದಕ್ಕೆ ಅಜ್ಞಾನಕ್ಕಿಂತ ಈ ದೂರವೇ ದೊಡ್ಡ ಕಾರಣ. ಹೋಗುವಾಗ ಅದುವರೆಗೆ ಬಿಟ್ಟ ಸೀಸೆಗಳನ್ನೆಲ್ಲ, ಅಜ್ಜಿಯ ಕಪಾಟಿನದನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಬೈದಾರೆಂದು ಮುಚ್ಚಿಡಬಾರದು. ಸ್ಟಿರಾಯ್ಡ್ ಬಿದ್ದ ಹುಣ್ಣು ತನ್ನ ನಿಜರೂಪವನ್ನು ಮರೆಸಿಕೊಂಡಿರುತ್ತದೆ, ಆಂಟಿಬಯೋಟಿಕ್ ಬಿದ್ದ ಕಣ್ಣಿನ ಕಣದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆಯೂ ಇರಬಹುದು. ಯಾವುದು, ಎಂದಿನಿಂದ, ದಿನಕ್ಕೆಷ್ಟು ಸಲ ಬಿದ್ದಿದೆ ಎಂದು ಗೊತ್ತಾದರೆ ಮಾತ್ರ ವೈದ್ಯರು ಆ ಕಣ್ಣನ್ನು ಸರಿಯಾಗಿ ಓದಬಲ್ಲರು.